ಬಾಣಂತಿ ನೀರಿಗಾಗಿ ಸಮುದ್ರ ದಾಟಿದ್ದು

ನ್ಯೂಜಿಲೆಂಡಿಗೆ ಹೋಗಿ ಬಂದವರು ಹಿಮದ ಬೆಟ್ಟ, ನೀಲಿ ಸರೋವರ, ಕುರಿಮಂದೆ ಇವುಗಳನ್ನು ಹೊಗಳಲೇಬೇಕಂತೆ. ಕುರಿ ನಾನೂ ನೋಡಿದೆ. ಜಗಳೂರಿನ ಕುರಿಗಳಿಗಿಂತ ದಪ್ಪಗಿದ್ದವು, ಅಷ್ಟೇ. ಬೆಟ್ಟ ವಿಮಾನದ ಕಿಟಕಿಯಲ್ಲಿ ಕಂಡಿತು, ಅದೂ ಪಕ್ಕದ ಸೀಟಿನವನ ತಲೆಯ ಆಚೆ. ಮಿಕ್ಕ ದಿನವೆಲ್ಲ ನಾನು ಆ ದೇಶದಲ್ಲಿ ಕಣ್ತುಂಬ ನೋಡಿದ್ದು ಒಂದು ಬಿಸಿನೀರಿನ ತೊಟ್ಟಿಯನ್ನು. ನನ್ನ ಪ್ರವಾಸ ಕಥನದಲ್ಲಿ ಸರೋವರವೆಂದರೆ ಅದೇ.

ನನ್ನದು ಚನ್ನಗಿರಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಪಂಪ್‌ಸೆಟ್ಟಿನ ಮೋಟಾರ್ ಸುಟ್ಟರೆ ಹೊಸ ತಾಮ್ರದ ತಂತಿ ಸುತ್ತಿ, ತೋಟಕ್ಕೆ ಹೋಗಿ ಕೂರಿಸಿ, ನೀರು ಬರಿಸಿ ಕೊಡುವುದು ಕೆಲಸ. ನಲ್ಲೂರಿನಿಂದ ತ್ಯಾವಣಿಗೆಯವರೆಗೆ ನನ್ನ ಕೈ ಸೋಕದ ಸ್ಟಾರ್ಟರ್ ಪೆಟ್ಟಿಗೆ ಕಡಿಮೆ. ಮೂವತ್ತು ವರ್ಷ ಇದನ್ನೇ ಮಾಡಿದವನಿಗೆ ಕರೆಂಟಿನ ವಿಷಯದಲ್ಲಿ ಒಂದು ಧಿಮಾಕು ಬಂದುಬಿಡುತ್ತದೆ. ನನಗೂ ಬಂದಿತ್ತು, ಧಾರಾಳವಾಗಿಯೇ.

ಹೆಂಡತಿ ಗಿರಿಜಾ ನ್ಯಾಮತಿಯವಳು. ತಾಯಿ ತೀರಿಕೊಂಡಾಗ ಅವಳ ತಂಗಿ ಪುಷ್ಪ ಇನ್ನೂ ಲಂಗ ತೊಡುವ ವಯಸ್ಸಿನವಳು. ಸಾಕಿದ್ದು, ಓದಿಸಿದ್ದು ಎಲ್ಲ ಗಿರಿಜಾಳೇ. ಆ ಪುಷ್ಪ ಈಗ ನ್ಯೂಜಿಲೆಂಡಿನ ತೆಂಕಣ ತುದಿಯ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನರ್ಸು. ಅವಳ ಗಂಡ ರುದ್ರೇಶ, ಜಗಳೂರು ತಾಲೂಕಿನ ಸೊಕ್ಕೆಯವನು, ಅಲ್ಲೇ ಹಾಲಿನ ಪುಡಿ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಪುಷ್ಪಳಿಗೆ ಹೆಣ್ಣುಮಗುವಾಯಿತು. ಬಾಣಂತನಕ್ಕೆ ಅಕ್ಕ ಹೋಗಬೇಕು, ಅಕ್ಕನ ಪೆಟ್ಟಿಗೆ ಹೊರಲು ಭಾವ ಹೋಗಬೇಕು. ಹೀಗೆ ನಾನು ಅಂತರರಾಷ್ಟ್ರೀಯ ಪ್ರವಾಸಿಯಾದೆ.

ಬಾಣಂತಿಗೆ ನೀರು ಹಾಕುವುದರಲ್ಲಿ ಗಿರಿಜಾಳ ಹೆಸರು ಹೊನ್ನಾಳಿಯವರೆಗೂ ಗೊತ್ತು. ಮೈಗೆಲ್ಲ ಹರಳೆಣ್ಣೆ ತಿಕ್ಕಿ, ಹಂಡೆಯಿಂದ ಸುಡುಸುಡು ನೀರು ತೋಡಿ, ಚೊಂಬಿನಲ್ಲಿ ಸೊಂಟಕ್ಕೆ ರಪ್ಪನೆ ಹೊಡೆಯಬೇಕು. ಬಾಣಂತಿ ಅಯ್ಯೋ ಅನ್ನಬೇಕು, ಇವಳು ಕೇಳಿಸಿಕೊಳ್ಳಬಾರದು. ಕೇರಿಯ ಎಷ್ಟೋ ಹೆಣ್ಣುಮಕ್ಕಳು ಅವಳ ಕೈಯಲ್ಲಿ ಹೀಗೆ ಹೊಡೆಸಿಕೊಂಡು ಎದ್ದು ಓಡಾಡಿದ್ದಾರೆ. ಸ್ವಂತ ತಂಗಿಗೆ ಹಾಕುವುದೊಂದು ಬಾಕಿಯಿತ್ತು.

ಆಕ್ಲೆಂಡ್

ಗಿರಿಜಾಳ ಪೆಟ್ಟಿಗೆಯಲ್ಲಿ ಹರಳೆಣ್ಣೆ, ಓಂಕಾಳು, ಒಣಶುಂಠಿ, ಸೀಗೆಪುಡಿ, ಬಜೆ ಬೇರು ಮತ್ತು ಒಂದು ಹಿತ್ತಾಳೆ ಚೊಂಬು ಇದ್ದವು. ವಿಮಾನ ನಿಲ್ದಾಣದ ಅಧಿಕಾರಿ ಹೆಂಗಸು ಒಂದೊಂದನ್ನೂ ಎತ್ತಿ ಮೂಸಿ ನೋಡಿದಳು. ಬಜೆ ಬೇರು ಕೈಗೆ ಬಂದಾಗ ನಿಂತಳು.

"ಕೂಸಿನ ನಾಲಗೆಗೆ ತೇಯಾಕೆ ಅಂತ ಹೇಳ್ರಿ. ಮಾತು ಚೆಂದ ಬರ್ತಾವೆ," ಎಂದಳು ಗಿರಿಜಾ.

ನಾನು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಬೇರು ನೆಟ್ಟಗೆ ಕಸದ ಡಬ್ಬಿಗೆ ಹೋಯಿತು. ಮುಂದೆ ಆ ದೇಶದವರ ಇಂಗ್ಲಿಷ್ ಕೇಳಿದಾಗಲೆಲ್ಲ ಗಿರಿಜಾ, "ನೋಡ್ರಿ, ಬಜೆ ತೇಯ್ದಿಲ್ಲ, ಎಲ್ಲಾ ಬಾಯೊಳಗೇ ನುಂಗ್ತಾರೆ," ಎಂದು ತೀರ್ಪು ಕೊಡುತ್ತಿದ್ದಳು.

ನನ್ನ ಬೂಟಿನ ಅಡಿಯಲ್ಲಿ ಚನ್ನಗಿರಿಯ ಕೆಸರು ಒಣಗಿತ್ತು. ಅದನ್ನು ಕಂಡು ಅಧಿಕಾರಿ ಬೂಟು ಬಿಚ್ಚಿಸಿಕೊಂಡು ಒಳಗೆ ಹೋದಳು. ದಂಡ ಹಾಕುತ್ತಾಳೆ ಎಂದುಕೊಂಡರೆ, ತೊಳೆದು, ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಂದುಕೊಟ್ಟಳು. ನಮ್ಮ ಕಡೆ ಸರ್ಕಾರಿ ಕಚೇರಿಗೆ ಅಲೆದು ಚಪ್ಪಲಿ ಸವೆಯುತ್ತವೆ, ಇಲ್ಲಿ ಸರ್ಕಾರವೇ ತೊಳೆದು ಕೊಡುತ್ತದೆ. ಥ್ಯಾಂಕ್ಸ್ ಹೇಳಲೂ ನಾಚಿಕೆಯಾಯಿತು.

ಪುಷ್ಪಳ ಮನೆ

ಜೂನ್ ತಿಂಗಳು ಅಲ್ಲಿ ಕೊರೆಯುವ ಚಳಿಗಾಲ. ಮನೆ ಪೂರ್ತಿ ಮರದ್ದು, ನಡೆದರೆ ಕಿರಗುಟ್ಟುತ್ತದೆ. ಪುಷ್ಪ ಬಾಗಿಲಲ್ಲೇ ಅಕ್ಕನನ್ನು ತಬ್ಬಿಕೊಂಡು ಅತ್ತಳು. ಹತ್ತು ದಿನದ ಕೂಸು ಮಾತ್ರ ನಮ್ಮನ್ನು ನೋಡಿ ಆಕಳಿಸಿತು.

ಮಾರನೆಯ ದಿನವೇ ಗಿರಿಜಾ ನೀರು ಹಾಕಲು ನಿಂತಳು, ಸೋತಳು. ಸ್ನಾನದ ಮನೆಯೆಂದರೆ ಗಾಜಿನ ಒಂದು ಬೀರು. ಅದರೊಳಗೆ ಒಬ್ಬರು ನಿಂತರೆ ಇನ್ನೊಬ್ಬರ ಕೈ ಆಡುವುದಿಲ್ಲ. ಬಿಸಿನೀರಿನ ಸಿಲಿಂಡರ್ ಎಷ್ಟು ಸಣ್ಣದೆಂದರೆ, ಪುಷ್ಪಳ ಎಡಗಡೆಗೆ ಬಿಸಿಯಾಗಿ ಬಂದ ನೀರು ಬಲಗಡೆಗೆ ಬರುವಷ್ಟರಲ್ಲಿ ತಣ್ಣಗಾಗಿತ್ತು.

ಗಿರಿಜಾ ಅಡುಗೆಮನೆಯಲ್ಲಿ ಬಂದು ಕೂತಳು. "ಕೇರಿ ಮಕ್ಕಳಿಗೆಲ್ಲ ನೀರು ಹಾಕ್ದೆ. ನಮ್ಮ ಪುಷ್ಪಿಗೆ ಹಾಕಾಕೆ ಆಗಲ್ಲ ಅಂದ್ರೆ ಏನಕ್ಕೆ ಬಂದೆ ನಾನು? ಅವ್ವ ಇದ್ದಿದ್ರೆ ಹೆಂಗಾರ ಹಾಕಿರ್ತಿದ್ಲು," ಎಂದಳು. ತಮಾಷೆ ಮಾಡಿ ನಗಿಸಲು ನೋಡಿದೆ, ನಗಲಿಲ್ಲ.

ಆಗ ರುದ್ರೇಶ ಗಂಟಲು ಸರಿಮಾಡಿಕೊಂಡ. "ಅಕ್ಕ, ಚಿಂತೆ ಬಿಡ್ರಿ. ಶನಿವಾರ ಒಂದು ಸಾಮಾನು ಬರ್ತೈತೆ."

ಶನಿವಾರ: ತೊಟ್ಟಿ ಬಂತು

ಬಂದದ್ದು ಎತ್ತಿನ ಗಾಡಿಯಷ್ಟು ಅಗಲದ ಪ್ಲಾಸ್ಟಿಕ್ ತೊಟ್ಟಿ, ಕ್ರೇನ್ ಇದ್ದ ಲಾರಿಯಲ್ಲಿ. ಒಳಗೆ ಆರು ಜನ ಕೂರುವ ಕುಳಿಗಳು, ಸುತ್ತ ನೀರು ಚಿಮ್ಮುವ ತೂತುಗಳು, ಹೊಟ್ಟೆಯಲ್ಲಿ ಹೀಟರು ಮತ್ತು ಪಂಪು. ಹೆಂಡತಿ ತೀರಿಕೊಂಡ ಮೇಲೆ ಪಟ್ಟಣಕ್ಕೆ ಹೊರಟ ಒಬ್ಬ ಮುದುಕನಿಂದ ರುದ್ರೇಶ ಕೊಂಡಿದ್ದ. ಆ ಊರಿನಲ್ಲಿ ಮನೆ ಹಿಂದೆ ಇಂಥದ್ದೊಂದು ಇಲ್ಲದಿದ್ದರೆ ಹೆಣ್ಣು ಕೊಡುವುದಿಲ್ಲವೇನೋ, ಬೀದಿಯ ಅರ್ಧ ಮನೆಗಳಲ್ಲಿ ಕಂಡೆ. ಹೊರಗೆ ಹಲ್ಲು ಕಟಕಟ ಅನ್ನುವ ಚಳಿ, ಇವರು ಬಯಲಲ್ಲಿ ಕುತ್ತಿಗೆವರೆಗೆ ನೀರಲ್ಲಿ ಕೂತು ಆಕಾಶ ನೋಡುತ್ತಾರೆ. ನಮ್ಮ ಎಮ್ಮೆಗಳು ಕೆರೆಯಲ್ಲಿ ಇದನ್ನೇ ಮಾಡಿದರೆ ಬೈಯುತ್ತೇವೆ.

ಅಡುಗೆಮನೆ ಹಿಂದಿನ ಮರದ ಜಗಲಿಯ ಮೇಲೆ ಇಳಿಸಬೇಕೆಂದು ರುದ್ರೇಶನ ಆಸೆ. ಅಷ್ಟರಲ್ಲಿ ಪಕ್ಕದ ಮನೆಯ ಮುದುಕ ಕೆನ್ ಒಂದು ಬಕೆಟ್ ನಿಂಬೆಹಣ್ಣು ಹಿಡಿದು ಬಂದ. ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿದೆ, ಇವನು ಚಡ್ಡಿಯಲ್ಲಿದ್ದಾನೆ. ನೀರು ಬಹಳ ತೂಕ, ಜೊತೆಗೆ ಜನ ಕೂತರೆ ಜಗಲಿ ತಡೆಯುವುದಿಲ್ಲ, ಸಿಮೆಂಟ್ ನೆಲವೇ ಬೇಕು ಎಂದ. ನಾನು ನಕ್ಕೆ. ನಮ್ಮಲ್ಲಿ ಹೆಂಚಿನ ಮನೆಯ ಮೂಲೆಗೆ ಎರಡು ಕೊಂಬೆ ನೆಟ್ಟು ಟ್ಯಾಂಕ್ ನಿಲ್ಲಿಸುತ್ತೇವೆ ಎಂದು ವಿವರಿಸಿದೆ. ಕೆನ್ ಜಗಲಿಯ ಅಡಿಗೆ ತೆವಳಿ ಹೋಗಿ, ಒಂದು ಕಂಬಕ್ಕೆ ಬೆರಳು ಒತ್ತಿದ. ಬೆರಳು ಒಳಗೆ ಹೋಯಿತು. ತೊಟ್ಟಿಯನ್ನು ಮನೆ ಪಕ್ಕದ ಸಿಮೆಂಟ್ ನೆಲಕ್ಕೆ ಇಳಿಸಿದೆವು.

ಹೋಗುವ ಮುಂಚೆ ಕೆನ್ ಒಂದು ಹಾಳೆಯಲ್ಲಿ ನಿಯಮಗಳನ್ನು ಬರೆದು ಫ್ರಿಜ್ಜಿಗೆ ಅಂಟಿಸಿದ. ಅವನ ಶಾಸ್ತ್ರದ ಪ್ರಕಾರ ಸ್ನಾನ ಮಾಡಿಕೊಂಡು ಬಂದು ಸ್ನಾನಕ್ಕೆ ಕೂರಬೇಕು. ನೀರಿಗೆ ಔಷಧಿ ಹಾಕಿ, ಪಟ್ಟಿ ಅದ್ದಿ ಬಣ್ಣ ನೋಡಬೇಕು. ಬಿಸಿ ಮಿತಿಯಲ್ಲಿರಬೇಕು, ಬಹಳ ಹೊತ್ತು ಕೂರಬಾರದು, ಕುಡಿದು ಇಳಿಯಬಾರದು. ಮಕ್ಕಳು ಬೀಳದಂತೆ ಮುಚ್ಚಳಕ್ಕೆ ಯಾವಾಗಲೂ ಬೀಗ. ಕೊನೆಯ ಸಾಲಿಗೆ ಎರಡು ಗೆರೆ ಎಳೆದಿದ್ದ: ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಜೋಡಿಸಿ ಕಾಗದ ಕೊಡುವವರೆಗೆ ಕರೆಂಟ್ ಕೊಡಬೇಡಿ. ಆ ಎರಡು ಗೆರೆ ನನಗೇ ಎಳೆದಂತೆ ಅನಿಸಿ ಉರಿಯಿತು.

ರುದ್ರೇಶ ಪೈಪು ಹಿಡಿದು ನೀರು ತುಂಬಿಸುತ್ತ ಮಧ್ಯಾಹ್ನವೆಲ್ಲ ನಿಂತ. ಪೈಪನ್ನು ಒಳಗೆ ಬಿಟ್ಟು ಬರಬಹುದಿತ್ತು, ಬಿಡಲಿಲ್ಲ. "ನಮ್ಮೂರಾಗೆ ಇಷ್ಟು ನೀರಾಗೆ ಒಂದು ಮದುವೆ ಮುಗೀತೈತೆ ಅಣ್ಣ," ಎಂದ. ಬರದ ಸೀಮೆಯಲ್ಲಿ ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡಿದ ಮನುಷ್ಯ. ಅವನನ್ನು ಹಾಸ್ಯ ಮಾಡಲು ನನಗೆ ಮನಸ್ಸು ಬರಲಿಲ್ಲ.

ಭಾನುವಾರ: ನನ್ನ ಕೈಚಳಕ

ಎಲೆಕ್ಟ್ರಿಷಿಯನ್ ಮೂರು ವಾರ ಬಿಟ್ಟು ಬರುತ್ತೇನೆಂದಿದ್ದ. ಚನ್ನಗಿರಿಯಲ್ಲಿ ನಾನು ಮೂರು ವಾರ ಅಂದರೆ ರೈತ ಸುಟ್ಟ ಮೋಟಾರಿನ ಸಮೇತ ಅಂಗಡಿ ಮುಂದೆ ಧರಣಿ ಕೂರುತ್ತಾನೆ. ಗಿರಿಜಾ ನನ್ನ ಮುಖ ನೋಡಿದಳು. "ನೀವಿದ್ದೀರಲ್ರೀ. ಇದೇ ಕೆಲಸ ಅಲ್ಲೇನು ನಿಮ್ದು?" ಎಂದಳು. ಗಂಡಸು ಕೆಡಲು ಅಷ್ಟು ಸಾಕು.

ರುದ್ರೇಶನ ಶೆಡ್ಡಿನಲ್ಲಿ ಎರಡೆಳೆಯ ಕೇಬಲ್ ಸಿಕ್ಕಿತು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗಿಗೆ ಮೂರನೆಯ ಎಳೆ ಇರಲಿಲ್ಲ. ನಮ್ಮ ಕಡೆ ಮೂರನೆಯದು ಇದ್ದರೂ ಅದನ್ನು ಮಡಚಿ ಪಕ್ಕಕ್ಕೆ ಸೇರಿಸುವುದೇ ಹೆಚ್ಚು. ಜೋಡಿಸಿ ಸ್ವಿಚ್ಚು ಹಾಕಿದೆ. ಹೀಟರ್ ಶುರುವಾದ ಕೂಡಲೇ ಬೋರ್ಡಿನಲ್ಲಿ ಟಕ್ ಎಂದು ಸ್ವಿಚ್ಚು ಬಿತ್ತು. ಮತ್ತೆ ಎತ್ತಿದೆ, ಮತ್ತೆ ಬಿತ್ತು.

ಕರೆಂಟ್ ಎಲ್ಲಾದರೂ ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು ಅದು. ಬಿದ್ದರೆ ಎಲ್ಲಿ ಸೋರುತ್ತಿದೆಯೆಂದು ಹುಡುಕಬೇಕು. ಇದು ನನಗೆ ಗೊತ್ತಿಲ್ಲದ ವಿದ್ಯೆಯಲ್ಲ. ಆದರೆ ಊರಿನಲ್ಲಿ ತ್ರೀಫೇಸ್ ಕರೆಂಟ್ ಇರುವುದೇ ಕೆಲವು ತಾಸು, ರೈತ ತಲೆಯ ಮೇಲೆ ನಿಂತು "ಬೇಗ ನೀರು ಬರ್ಸಪ್ಪ" ಎಂದು ಕೂಗುತ್ತಿರುತ್ತಾನೆ. ಹುಡುಕುತ್ತ ಕೂರುವವರು ಯಾರು? ಒಂದು ತುಂಡು ತಂತಿ ಹಾಕಿ, ಕರೆಂಟನ್ನು ಆ ಸ್ವಿಚ್ಚಿನೊಳಗೆ ಹಾಯದಂತೆ ಪಕ್ಕದಿಂದಲೇ ದಾಟಿಸಿಬಿಡುತ್ತೇವೆ. ಇದಕ್ಕೆ ಡೈರೆಕ್ಟ್ ಕೊಡುವುದು ಎನ್ನುತ್ತೇವೆ. ಡೈರೆಕ್ಟ್ ಕೊಡಲು ಬಾರದವನನ್ನು ನಮ್ಮಲ್ಲಿ ಯಾರೂ ಮೆಕ್ಯಾನಿಕ್ ಎಂದು ಕರೆಯುವುದಿಲ್ಲ.

ಡೈರೆಕ್ಟ್ ಕೊಟ್ಟೆ. ಸೋಮವಾರ ಬೆಳಿಗ್ಗೆ ತೊಟ್ಟಿಯ ಮೇಲೆ ಹಬೆ ಆಡುತ್ತಿತ್ತು. ಮೂರು ವಾರದ ಕೆಲಸವನ್ನು ಮೂರು ತಾಸಿನಲ್ಲಿ ಮುಗಿಸಿದ್ದೆ, ಕೆನ್ ಕಂಡರೆ ಮೀಸೆ ತಿರುವಲು ಕಾಯುತ್ತಿದ್ದೆ. ರುದ್ರೇಶ ಮೈಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ತಲೆಗೆ ಟವೆಲ್ ಸುತ್ತಿ, ಕೆನ್‌ನ ಮೊದಲ ನಿಯಮವನ್ನು ಎಣ್ಣೆಯಲ್ಲೇ ಮುಳುಗಿಸಿ ನೀರಿಗಿಳಿದ. ಇಳಿದವನು ಕಣ್ಣು ಮುಚ್ಚಿ, ಅರ್ಧ ತಾಸು ಸ್ವರ್ಗದಲ್ಲಿದ್ದ.

ಹೊರಬರುವಾಗ ಒಂದು ಕಾಲು ನೀರಲ್ಲಿ, ಒಂದು ಕಾಲು ರಬ್ಬರ್ ಚಪ್ಪಲಿಯಲ್ಲಿ ಇಟ್ಟು ನಿಂತ. "ಇಳಿಯುವಾಗ ಕಾಲು ಜುಮ್ ಅಂತೈತೆ ಅಣ್ಣ. ನರ ಎಲ್ಲಾ ಬಿಚ್ಕೊಂತಾವೆ," ಎಂದ.

"ಅದಕ್ಕೇ ಇವರು ಹುಚ್ಚು ಬಿದ್ದು ಕೂರೋದು," ಎಂದೆ ನಾನು. ಮೂವತ್ತು ವರ್ಷದ ಅನುಭವಿ ಕೊಟ್ಟ ಉತ್ತರ ಇದು.

ಮಂಗಳವಾರ: ಸೂಲಗಿತ್ತಿ

ಆ ದೇಶದಲ್ಲಿ ಸೂಲಗಿತ್ತಿ ಸರ್ಕಾರದ ಕಡೆಯಿಂದ ಮನೆಗೇ ಬರುತ್ತಾಳೆ. ಹೆಸರು ಟೆಸ್. ಬಂದವಳೇ ಕುರ್ಚಿ ಬಿಟ್ಟು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ಕೂಸನ್ನು ಬಟ್ಟೆಯಲ್ಲಿ ಕಟ್ಟಿ, ಸಂತೆಯಲ್ಲಿ ಈರುಳ್ಳಿ ತೂಗುವಂತೆ ಕೊಕ್ಕೆಗೆ ತೂಗುಹಾಕಿ ತೂಕ ನೋಡಿದಳು. ಗಿರಿಜಾ ಎದೆ ಹಿಡಿದುಕೊಂಡಳು. ಆಮೇಲೆ ಟೆಸ್ ಪುಷ್ಪಳ ಸೊಂಟಕ್ಕೆ ಕೈಯಿಟ್ಟ ರೀತಿ ನೋಡಿ, "ಕೈ ಪಳಗೈತೆ," ಎಂದು ಒಪ್ಪಿದಳು. ಅವಳಿಂದ ಅಷ್ಟು ಬರುವುದು ದೊಡ್ಡ ಮಾತು.

ತೊಟ್ಟಿಯಲ್ಲಿ ಬಾಣಂತಿ ಕೂರಬಹುದೇ ಎಂದು ಗಿರಿಜಾ ನನ್ನಿಂದ ಕೇಳಿಸಿದಳು. ಟೆಸ್ ಕೂಡದೆಂದು ತಲೆ ಆಡಿಸಿದಳು. ಹೊಲಿಗೆ ಮಾಗಬೇಕು, ರಕ್ತಸ್ರಾವ ನಿಲ್ಲಬೇಕು, ಅಲ್ಲಿಯವರೆಗೆ ಬಾಣಂತಿ ಅದರಲ್ಲಿ ಕೂರಬಾರದು. ಬಸುರಿಗೂ ಅಷ್ಟು ಬಿಸಿ ಒಳ್ಳೆಯದಲ್ಲ, ಎಳೆಕೂಸನ್ನಂತೂ ಹತ್ತಿರ ತರಲೇಬಾರದು. ಗಿರಿಜಾ ಬಹಳ ವಿನಯದಿಂದ ಕೇಳಿಸಿಕೊಂಡಳು. ಅವಳ ವಿನಯ ಕಂಡಾಗಲೆಲ್ಲ ನನಗೆ ಭಯವಾಗುತ್ತದೆ.

ಕಾರು ಹೋದ ಮೇಲೆ ಹೇಳಿದಳು: "ಒಳಗೆ ಕೂರಬ್ಯಾಡ ಅಂದ್ಲು. ನಾವೆಲ್ಲಿ ಕೂರಿಸ್ತೀವಿ? ಬಾಣಂತಿ ನೀರು ಅಂದ್ರೆ ಹಾಕೋದು. ಪಕ್ಕದಾಗೆ ಕೂರಿಸಿ, ತೊಟ್ಟಿಯಿಂದ ತೋಡಿ ಹಾಕಿದ್ರೆ ಆತು."

ಯಾವ ವಕೀಲನಿಗೂ ಹೊಳೆಯದ ದಾರಿ ಅದು. ಪುಷ್ಪಳಿಗೂ ಅಕ್ಕನ ಕೈಯ ಆ ಏಟು ಬೇಕಾಗಿತ್ತು. ನರ್ಸು ಎಂಬುದನ್ನು ಮರೆತು ನಗುತ್ತ ಒಪ್ಪಿದಳು.

ಗುರುವಾರ

ಬಿಸಿಲು ಬಂದಿತ್ತು. ರುದ್ರೇಶ ಕೆಲಸಕ್ಕೆ ಹೋಗಿದ್ದ. ತೊಟ್ಟಿಯ ಸುತ್ತ ಹಗ್ಗ ಕಟ್ಟಿ ದುಪ್ಪಟಿ ಇಳಿಬಿಟ್ಟೆವು. ಹರಳೆಣ್ಣೆ ತಿಕ್ಕಿಸಿಕೊಂಡ ಪುಷ್ಪ ಹಳೆ ಸೀರೆ ಸುತ್ತಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಳು. ಗಿರಿಜಾ ಜಾಗಕ್ಕೆ ನೀರು ಚಿಮುಕಿಸಿ, ಚಪ್ಪಲಿ ಬಿಟ್ಟಳು. ಬಾಣಂತಿಗೆ ನೀರು ಹಾಕುವಾಗ ಚಪ್ಪಲಿ ಮೆಟ್ಟುವುದು ಅವಳ ಪ್ರಕಾರ ಅಪಚಾರ. ನಾನು ಕೂಸನ್ನು ಎತ್ತಿಕೊಂಡು ಅಡುಗೆಮನೆಗೆ ಬಂದೆ.

ಗಿರಿಜಾ ಮುಚ್ಚಳ ಸರಿಸಿ, ಬಗ್ಗಿ, ಹಿತ್ತಾಳೆ ಚೊಂಬನ್ನು ನೀರಿಗೆ ಅದ್ದಿದಳು. ನನಗೆ ಕೇಳಿಸಿದ್ದು ಚೊಂಬು ಸಿಮೆಂಟಿನ ಮೇಲೆ ಉರುಳಿದ ಸದ್ದು, ಆಮೇಲೆ ಪುಷ್ಪಳ "ಭಾವಾ!" ಎಂಬ ಕೂಗು.

ಕಿಟಕಿಯಿಂದ ನೋಡಿದೆ. ಗಿರಿಜಾ ಅಂಗಾತ ಬಿದ್ದಿದ್ದಳು. ತೊಟ್ಟಿಯ ಅಂಚು ಹಿಡಿದು ಏಳಲೆಂದು ಪುಷ್ಪ ಆಗಲೇ ಕೈ ಚಾಚಿದ್ದಳು. "ತೊಟ್ಟಿ ಮುಟ್ಟಬ್ಯಾಡ!" ಎಂದು ಕಿರುಚಿದೆ. ನನ್ನ ಗಂಟಲಿನಿಂದ ಅಂಥ ಸ್ವರ ಎಂದೂ ಬಂದಿರಲಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕಿ ಬೋರ್ಡಿಗೆ ಓಡಿದೆ. ಬೀಳಬೇಕಾದ ಸ್ವಿಚ್ಚು ಬಿದ್ದಿರಲಿಲ್ಲ, ಬೀಳದಂತೆ ಮಾಡಿದವನು ನಾನೇ. ಇಡೀ ಮನೆಯ ಮೇನ್ ಎಳೆದೆ.

ಹಿಂದಕ್ಕೆ ಬಿದ್ದದ್ದರಿಂದ ಗಿರಿಜಾ ಉಳಿದಳು. ಮುಂದಕ್ಕೆ ಬಿದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅಂಗೈಯಲ್ಲಿ ಬೊಬ್ಬೆ, ಮಣಿಕಟ್ಟು ಉಳುಕಿತ್ತು. ಎದೆಬಡಿತ ನೋಡಲು ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡರು. ಹೇಗಾಯಿತು ಎಂದು ಡಾಕ್ಟರ್ ಕೇಳಿದಾಗ ಓಡಿಬಂದಿದ್ದ ರುದ್ರೇಶ ನನ್ನ ಕಡೆ ಒಮ್ಮೆ ನೋಡಿ, ಹಳೆಯ ತೊಟ್ಟಿ, ಮಾರಿದವರು ಸರಿಯಾಗಿ ಇಟ್ಟುಕೊಂಡಿರಲಿಲ್ಲ ಎಂದ. ನಾನು ಗೋಡೆಯ ಮೇಲಿದ್ದ, ಕೈ ತೊಳೆಯುವ ವಿಧಾನದ ಚಿತ್ರವನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದೆ.

ಮನೆಗೆ ಬಂದವನು ಮಾಡಿದ ಮೊದಲ ಕೆಲಸ, ಬೋರ್ಡು ಬಿಚ್ಚಿ ಆ ತುಂಡು ತಂತಿಯನ್ನು ತೆಗೆದು ಜೇಬಿಗೆ ಹಾಕಿಕೊಂಡದ್ದು.

ಮರು ಭಾನುವಾರ

ಶುಕ್ರವಾರ ಮನೆಗೆ ಬಂದ ಗಿರಿಜಾ ಕೂಸನ್ನು ಮುಟ್ಟಲಿಲ್ಲ. ಅತ್ತರೂ ಎತ್ತಿಕೊಳ್ಳಲಿಲ್ಲ. ಎರಡು ಕೈಯನ್ನೂ ಮಡಿಲಲ್ಲಿಟ್ಟು ಮೂಲೆಯಲ್ಲಿ ಕೂತಿದ್ದಳು.

"ಅಕ್ಕ, ಎತ್ಕೊಳ್ಳೇ. ನಿನ್ನ ಕೈಯಾಗೆ ಸುಮ್ಮನಾಗ್ತೈತೆ," ಎಂದು ಪುಷ್ಪ ಗೋಗರೆದಳು.

"ಬ್ಯಾಡ. ನನ್ನ ಕೈ ಸರಿಯಿಲ್ಲ. ಆ ಸೂಲಗಿತ್ತಿ ತಾಯಿ ಬ್ಯಾಡ ಅಂದ್ಲು, ನಾನೇ ಇಲ್ಲದ ಬುದ್ಧಿ ಓಡಿಸ್ದೆ. ನೀನು ತೊಟ್ಟಿ ಹಿಡ್ಕೊಂಡಿದ್ರೆ? ಈ ಕೂಸಿಗೆ ಯಾರಿರ್ತಿದ್ರು?"

ಎರಡು ದಿನ ಇದನ್ನು ಕೇಳಿಸಿಕೊಂಡೆ. ಮೇಲೆ ಸಮಾಧಾನ ಬೇರೆ ಹೇಳಿದೆ, "ಹೋಗ್ಲಿ ಬಿಡು, ಯಾರಿಗೂ ಏನೂ ಆಗಿಲ್ಲವಲ್ಲ" ಎಂದು. ಕಳ್ಳನೇ ಊರಿಗೆ ಧೈರ್ಯ ಹೇಳಿದ ಹಾಗೆ.

ಭಾನುವಾರ ಕೆನ್ ಸಾರಿನ ಪಾತ್ರೆ ಹಿಡಿದು ಬಂದ. ಸಣ್ಣ ಊರು, ರುದ್ರೇಶ ಆಸ್ಪತ್ರೆಯಲ್ಲಿ ಹೇಳಿದ್ದು ತೊಟ್ಟಿ ಮಾರಿದ ಮುದುಕನಿಗೂ ಮುಟ್ಟಿ, ಅವನು ಕೆನ್‌ಗೆ ಫೋನ್ ಮಾಡಿದ್ದನಂತೆ. ಆ ಹೆಂಗಸು ಬದುಕಿದ್ದಾಳೆಯೇ ಎಂದು ಕೇಳಿ ಅತ್ತನಂತೆ. ತನ್ನ ಹೆಂಡತಿ ಕೊನೆಯ ದಿನದವರೆಗೂ ಅದರಲ್ಲಿ ಕೂರುತ್ತಿದ್ದಳು, ತಾನು ಏನು ತಪ್ಪು ಮಾಡಿದೆನೋ ಗೊತ್ತಾಗುತ್ತಿಲ್ಲ ಎಂದನಂತೆ.

ಕೆನ್ ಹೋದ. ಒಳಗೆ ಕೂಸು ಅಳುತ್ತಿತ್ತು, ಗಿರಿಜಾ ಅಂಗೈಯ ಬೊಬ್ಬೆ ನೋಡುತ್ತ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. ಜೇಬಿನಿಂದ ತಂತಿ ತೆಗೆದು ಅವಳ ಮುಂದಿಟ್ಟೆ. ಸ್ವಿಚ್ಚು ಬಿದ್ದದ್ದು, ನಾನು ಡೈರೆಕ್ಟ್ ಕೊಟ್ಟದ್ದು, ರುದ್ರೇಶ ಜುಮ್ ಅಂತೈತೆ ಅಂದಾಗ ನಾನು ತೇಲಿಸಿ ಮಾತಾಡಿದ್ದು, ತಂತಿ ಬಚ್ಚಿಟ್ಟದ್ದು, ಒಂದನ್ನೂ ಬಿಡದೆ ಹೇಳಿದೆ. ನಿನ್ನ ಕೈಯಲ್ಲಿ ದೋಷವಿರಲಿಲ್ಲ ಗಿರಿಜಾ, ನನ್ನ ಕೈಯಲ್ಲಿತ್ತು ಎಂದೆ. ಬೈಯಲಿ ಎಂದು ಕಾದೆ.

"ಶುಕ್ರವಾರದಿಂದ ಕೂಸು ಮುಟ್ಟಿಲ್ಲ ನಾನು," ಎಂದಳು. ಎದ್ದು ಹೋಗಿ ಕೈ ತೊಳೆದು ಕೂಸನ್ನು ಎತ್ತಿಕೊಂಡಳು. ನನ್ನ ಜೊತೆ ಮಾತು ಅಲ್ಲಿಗೆ ನಿಂತಿತು.

ಕೆನ್ ಮನೆಗೆ ನಾನೇ ಹೋಗಿ ತೊಟ್ಟಿ ಮಾರಿದ ಮುದುಕನಿಗೆ ಫೋನ್ ಮಾಡಿಸಿ ಹೇಳಿದೆ. ತಪ್ಪು ಒಪ್ಪಿಕೊಳ್ಳಲು ನನ್ನ ಹರಕು ಇಂಗ್ಲಿಷ್ ಸಾಕಾಯಿತು.

ಹೊರಡುವ ವಾರ

ಎಲೆಕ್ಟ್ರಿಷಿಯನ್ ಬಂದ, ನನ್ನ ವಯಸ್ಸಿನವನೇ. ಮೊದಲ ಸಲ ಬಂದಾಗಲೇ ಹೀಟರಿನ ಕಡ್ಡಿ ಬಿರುಕು ಬಿಟ್ಟು ನೀರಿಗೆ ಕರೆಂಟ್ ಸೋರುತ್ತಿದ್ದುದನ್ನು ತೋರಿಸಿದ. ಸಾಗಿಸುವಾಗ ಬಿಟ್ಟಿರಬೇಕು ಎಂದ. ವೈರಿಂಗ್ ಮಾಡಿದ್ದು ನಾನು ಎಂದೆ. ನಿನ್ನ ಉದ್ಯೋಗವೇನು ಎಂದು ಕೇಳಿದ, ಹೇಳಿದೆ. ಅವನು ಮತ್ತೆ ಹೀಟರಿನ ಕಡೆ ಬಗ್ಗಿ ಸ್ಕ್ರೂ ಬಿಚ್ಚತೊಡಗಿದ. ನಮ್ಮ ಕಡೆಯವರು ಇಂಥ ಹೊತ್ತಿನಲ್ಲಿ ಬಾಯಿತುಂಬ ಬೈದು ಮನಸ್ಸು ಹಗುರ ಮಾಡುತ್ತಾರೆ, ಆ ದೇಶದಲ್ಲಿ ಆ ಉಪಕಾರ ಸಿಗುವುದಿಲ್ಲ.

ಹೊಸ ಹೀಟರು, ಮೂರೆಳೆಯ ಕೇಬಲ್, ತೊಟ್ಟಿಗೇ ಬೇರೆ ಸ್ವಿಚ್ಚು ಎಲ್ಲ ಆಗುವಷ್ಟರಲ್ಲಿ ನಾವು ಹೊರಡುವ ವಾರ ಬಂತು. ಪುಷ್ಪಳ ಹೊಲಿಗೆ ಮಾಗಿತ್ತು. ಔಷಧಿ ಹಾಕದ ಹೊಸ ನೀರಾದರೆ ತೋಡಿ ಹಾಕಿ, ಹದವಾಗಿರಲಿ ಎಂದು ಟೆಸ್ ಒಪ್ಪಿದ್ದಳು. ಎಲೆಕ್ಟ್ರಿಷಿಯನ್ ಪರೀಕ್ಷೆಯ ಗುಂಡಿ ಒತ್ತಿ ಸ್ವಿಚ್ಚು ಬೀಳುವುದನ್ನು ತೋರಿಸಿ, ಕಾಗದಕ್ಕೆ ಸಹಿ ಹಾಕಿದ. ಗಿರಿಜಾ ಪುಷ್ಪಳ ಜೊತೆ ಹೊರಗೆ ಬಂದಳು. ಅಷ್ಟು ದಿನದಲ್ಲಿ ಮೊದಲ ಸಲ ನನ್ನ ಜೊತೆ ಮಾತಾಡಿದಳು, ಅದೂ ಅವನಿಗೆ ತಲುಪಿಸಲು.

"ಕೇಳ್ರಿ ಅವನ್ನ. ಅವನ ಹೆಂಡ್ತಿನ ಇಲ್ಲಿ ಬರಿಗಾಲಾಗೆ ನಿಲ್ಸಿ ನೀರು ತೋಡಿಸ್ತಾನಾ ಅಂತ."

ಕೇಳಿದೆ. ಅವನು ನಗಲಿಲ್ಲ. ಕೂತು ಬೂಟಿನ ದಾರ ಬಿಚ್ಚಿದ, ಕಾಲುಚೀಲ ತೆಗೆದ. ಸಿಮೆಂಟಿನ ಮೇಲೆ ಒಂದು ಮಗ್ಗು ನೀರು ಸುರಿದು, ಅದರ ಮೇಲೆ ನಿಂತು, ಮೊಣಕೈವರೆಗೆ ತೋಳನ್ನು ತೊಟ್ಟಿಗೆ ಇಳಿಸಿದ. ಚಳಿಗೆ ಕಾಲ್ಬೆರಳು ಕೆಂಪಾಗುವವರೆಗೆ ಹಾಗೇ ನಿಂತಿದ್ದ. ಗಿರಿಜಾ ಅವನಿಗೆ ಕೈ ಮುಗಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಈಗ ನೀವು."

ಏನೂ ಆಗಲ್ಲ, ಧೈರ್ಯವಾಗಿ ಮುಟ್ರಿ ಎಂದು ಮೂವತ್ತು ವರ್ಷ ಊರಿಗೆಲ್ಲ ಹೇಳಿದವನು ನಾನು. ಕಾಲುಚೀಲ ಬಿಚ್ಚಿ ಒದ್ದೆ ನೆಲದ ಮೇಲೆ ನಿಂತೆ. ಕೈ ಚಾಚಿದೆ. ನೀರಿಗೆ ಒಂದು ಗೇಣು ಮೇಲೆ ಕೈ ನಿಂತುಬಿಟ್ಟಿತು, ಏನು ಮಾಡಿದರೂ ಇಳಿಯಲೊಲ್ಲದು. ಗಿರಿಜಾ ಪುಷ್ಪಳ ರಟ್ಟೆ ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ಎಳೆದುಕೊಂಡಳು, ನನ್ನ ಕೈಯನ್ನೇ ನೋಡುತ್ತ ನಿಂತಳು.